ಎಂಟು ಐವತ್ತೆರಡರ ಮೆಸೇಜು ಅಳಿಸಬೇಡಿ

ಕಂಬಳಿಕೆರೆ
2197ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಪ್ರೀತಿಯ ನೀಲಗಂಗಾ ಟೀಚರ್,

ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ‘ಕಂಬಳಿಕೆರೆ ಬೀದಿದೀಪ’ ಗ್ರೂಪಿನ ಮೆಸೇಜುಗಳಿಂದಲೇ. ನಾಲ್ಕು ಸಾವಿರ ಚಿಲ್ಲರೆ ಮೆಸೇಜು, ಗುಡ್ ಮಾರ್ನಿಂಗ್ ಹೂಗಳೂ ಸೇರಿ, ಎಲ್ಲವನ್ನೂ ಮೂರು ಸಲ ಓದಿದ್ದೇನೆ. ನನಗೆ ಹದಿನಾರು ವರ್ಷ, ಹೆಸರು ಚಂಪವ್ವ, ನಿಮ್ಮ ದೊಡ್ಡ ಅಭಿಮಾನಿ.

ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಅವ್ವ ನಿನ್ನೆಯಿಂದ ಬೈಯುತ್ತಿದ್ದಾಳೆ: “ಸತ್ತ ನಿನ್ನ ಅಜ್ಜಗ ಬರೀಬಾರದೇನ? ಯಾವಕಿನೋ ಟೀಚರಗ ಬರದು ಹಾಳ ಮಾಡ್ತೀ!” ಆದರೂ ನಿಮಗೇ ಬರೆಯುತ್ತಿದ್ದೇನೆ. ಭಯ ಅಷ್ಟಿದೆ.

ಮೊದಲು ನಿಮಗೆ ಥ್ಯಾಂಕ್ಸ್. ಊರಿನ ನಲವತ್ತು ಹಳದಿ ಸೋಡಿಯಂ ದೀಪ ತೆಗೆಸಿ ಎಲ್‌ಇಡಿ ಹಾಕಿಸಲು ನೀವು ಎಷ್ಟು ಅಲೆದಿರಿ ಎಂಬುದು ನನಗೆ ಗೊತ್ತು. ಅದೇ ಬೆಳಕಿಗೆ ಅರ್ಧಕ್ಕಿಂತ ಕಡಿಮೆ ಕರೆಂಟು ಸಾಕಾಯಿತು. ಊರೂರಲ್ಲಿ ಹಾಗೆ ಆದದ್ದರಿಂದಲೇ ಕಲ್ಲಿದ್ದಲು ಸುಡುವುದು ತಗ್ಗಿತು, ಹೊಗೆಯೂ ತಗ್ಗಿತು. ನಮ್ಮ ಶಾಲೆಯಲ್ಲಿ ಅದನ್ನು ಪಾಠವಾಗಿ ಓದುತ್ತೇವೆ. ಪಾಠ ಅಲ್ಲಿಗೇ ನಿಲ್ಲುತ್ತದೆ. ಮುಂದಿನದನ್ನು ಯಾರೂ ಬರೆದಿಲ್ಲ.

ಬೆಳಕು ಅಗ್ಗವಾದ ಮೇಲೆ ಜನ ಅದನ್ನು ಎಲ್ಲೆಂದರಲ್ಲಿ ಸುರಿದರು. ಕೆರೆಗೆ, ಗುಡ್ಡಕ್ಕೆ, ಖಾಲಿ ಹೊಲಕ್ಕೆ. ಈಗ ನಮ್ಮಲ್ಲಿ ಕತ್ತಲಾಗುವುದೇ ಇಲ್ಲ. ಮಲಗಲು ಮನೆಗೊಂದು ಮುಚ್ಚುಗೂಡು ಇದೆ, ಕಿಟಕಿಯಿಲ್ಲದ ಕಪ್ಪು ಕೋಣೆ. ಹೀರೆಹೂವು ಸಂಜೆ ಅರಳುತ್ತದಲ್ಲ, ಅದಕ್ಕೆ ಬರುತ್ತಿದ್ದ ಪತಂಗಗಳು ದೀಪ ಸುತ್ತಿ ಸುತ್ತಿ ಸತ್ತವು. ಅವುಗಳ ಕೆಲಸ ಈಗ ನಮ್ಮದು. ಶಾಲೆ ಬಿಟ್ಟ ಮೇಲೆ ಮಕ್ಕಳೆಲ್ಲ ಬ್ರಷ್ ಹಿಡಿದು ಹೂಮುಟ್ಟುವ ಕೆಲಸಕ್ಕೆ ಹೋಗುತ್ತೇವೆ, ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಸವರುತ್ತೇವೆ. ಬೆರಳು ಸೆಟೆದುಕೊಳ್ಳುತ್ತವೆ, ಆದರೂ ಪತಂಗ ಸವರಿದಷ್ಟು ಪುಡಿ ಸವರಲಾಗುವುದಿಲ್ಲ. ಈ ವರ್ಷ ಕಾಯಿ ಒಡೆದು ನೋಡಿದರೆ ಬಹುಪಾಲು ಬೀಜ ಜೊಳ್ಳು. ಬರುವ ವರ್ಷಕ್ಕೆ ಬಿತ್ತಲು ಬೀಜವಿಲ್ಲ. ಸೋರೆಯದೂ ಅದೇ ಕತೆ. ಹಿರಿಯರು ಮಕ್ಕಳೆದುರು ಈ ಮಾತೆತ್ತುವುದಿಲ್ಲ, ನಾವು ಬಂದರೆ ಮಳೆಯ ಮಾತಿಗೆ ಹೊರಳುತ್ತಾರೆ. ಅದಕ್ಕೇ ನನಗೆ ಹೆಚ್ಚು ಹೆದರಿಕೆ.

ಇದೆಲ್ಲ ನಮ್ಮೂರಲ್ಲಿ ಶುರುವಾದದ್ದು ನಿಮ್ಮ ಗ್ರೂಪಿನ ಒಂದು ಸಂಜೆ. ಈ ಓಲೆ ನಿಮ್ಮ ಕೈಸೇರುವುದು ಅದೇ ದಿನ ಮಧ್ಯಾಹ್ನ. ಇವತ್ತು ಸಂಜೆ ಪಂಚಾಯ್ತಿ ಮೆಂಬರ್ ವಿರೂಪಾಕ್ಷಪ್ಪನವರು ಗ್ರೂಪಿನಲ್ಲಿ ಬರೆಯುತ್ತಾರೆ: “ಟೀಚರ್, ಹಳೇ ನಲವತ್ತು ದೀಪದ ಕರೆಂಟಿನಾಗ ಈಗ ನೂರು ಹಚ್ಚಬೌದಲ್ರಿ? ಕೆರಿ ಸುತ್ತ ಹಾಕಿಬಿಡೂಣು!” ನೀವು ಬರೆಯುತ್ತೀರಿ: “ಓಣಿಗೆ ದೀಪ ಬೇಕ್ರಿ, ಕೆರಿಗೆ ಯಾಕ? ಉಳಿಸಿದ್ದು ಉಳೀಲಿ. ಹುಳಕ್ಕೂ ಕತ್ತಲಿ ಬೇಕಲ್ಲ?” ಆಗ ಅವರು: “ಟೀಚರ್ ಹುಳಕ್ಕೂ ಟ್ಯೂಷನ್ ಹೇಳಾಕತ್ತಾರಪೋ!” ಅದರ ಕೆಳಗೆ ಇಪ್ಪತ್ಮೂರು ನಗುವ ಮುಖ. ನಾನು ಎಣಿಸಿದ್ದೇನೆ.

ಎಂಟು ಐವತ್ತೆರಡಕ್ಕೆ ನೀವು ಇನ್ನೊಂದು ಮೆಸೇಜು ಹಾಕುತ್ತೀರಿ. ಅದು ನಮಗೆ ಸಿಕ್ಕಿಲ್ಲ. ಅಲ್ಲಿರುವುದು ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಬೂದು ಸಾಲು ಮಾತ್ರ. ಎಂಟು ಐವತ್ನಾಲ್ಕಕ್ಕೆ, “ಸರಿ, ಹಾಕಸ್ರಿ.” ಅಷ್ಟೇ. ಆಮೇಲೆ ಕೆರೆಯ ವಿಷಯಕ್ಕೆ ನೀವು ಬಾಯಿ ಬಿಡಲೇ ಇಲ್ಲ.

ಟೀಚರ್, ಅದರಲ್ಲಿ ಏನಿತ್ತು? ನೀವು ಬೇಡವೆಂದೇ ಬರೆದಿರಿ ಎಂದು ನಂಬಿ ನನ್ನ ಒಂದೇ ಓಲೆಯನ್ನು ಖರ್ಚು ಮಾಡುತ್ತಿದ್ದೇನೆ. ನೀವೂ ಅವರ ಜೊತೆ ನಕ್ಕು, ಆ ನಗುವನ್ನೇ ಅಳಿಸಿದ್ದರೆ? ಹಾಗಿದ್ದರೆ ನಾವು ಕೆಟ್ಟೆವು.

ಇವತ್ತು ಅಳಿಸಬೇಡಿ. ಬರೆದು ಕಳಿಸಿ, ಫೋನನ್ನು ಬೋರಲು ಹಾಕಿ ರೊಟ್ಟಿ ಬಡಿಯಲು ಹೋಗಿಬಿಡಿ. ಅವರು ನಗಲಿ. ನಕ್ಕವರು ಊಟಕ್ಕೆ ಏಳುತ್ತಾರೆ, ಮೆಸೇಜು ಅಲ್ಲೇ ಇರುತ್ತದೆ.

ನಿಮ್ಮ
ಚಂಪವ್ವ