ಗುರುವಾರದ ಓಟ

ಕುಲ್ಸುಂ,

ಹೆಸರಿನ ಮೊದಲು ಏನು ಸೇರಿಸಬೇಕೋ ತಿಳಿಯದೆ ಬರೀ ಹೆಸರನ್ನಷ್ಟೇ ಬರೆದಿದ್ದೇನೆ. ಹನ್ನೊಂದು ವರ್ಷ ಮಾತಿಲ್ಲದೆ ಇದ್ದವಳಿಗೆ ‘ಪ್ರೀತಿಯ’ ಎನ್ನುವ ಹಕ್ಕು ಉಳಿದಿದೆಯೋ ಇಲ್ಲವೋ, ನೀನೇ ಹೇಳಬೇಕು.

ಹಲಸೂರಿನ ಮೈದಾನದಲ್ಲಿ ನಾವಿಬ್ಬರೂ ನಾನೂರು ಮೀಟರ್ ಓಡುತ್ತಿದ್ದ ದಿನಗಳಲ್ಲಿ ನನಗೆ ಓಟಕ್ಕಿಂತ ಓಟ ಮುಗಿದ ಮೇಲಿನ ಹೊತ್ತೇ ಹೆಚ್ಚು ನೆನಪಿದೆ. ಕಾಲು ನಡುಗುತ್ತಿದ್ದರೂ ನಮ್ಮ ಕೋಚ್ ಸಂಜೀವಪ್ಪ ಸರ್ ಕೂರಲು ಬಿಡುತ್ತಿರಲಿಲ್ಲ. ಎರಡು ಸುತ್ತು ನಿಧಾನವಾಗಿ ನಡೆಯಲೇಬೇಕು. ನೀನು ಶಿವಾಜಿನಗರದಿಂದ ನಿನ್ನ ಮಾಮೂವಿನ ಮೀನಂಗಡಿಯ ಐಸನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದೆ. ಅದನ್ನು ಎರಡು ನೀಲಿ ಡ್ರಮ್ಮುಗಳ ನೀರಿಗೆ ಸುರಿದು ತೊಡೆಯವರೆಗೆ ಇಳಿದು ನಿಲ್ಲುತ್ತಿದ್ದೆವು. ನೀರೆಲ್ಲ ಮೀನಿನ ವಾಸನೆ. ನಾನು ಮೂಗು ಮುಚ್ಚಿದರೆ ನೀನು, “ಮೀನಿನ್ ಐಸು ಮೀನಖಂಡಕ್ಕೆ ತಾನೇ, ಪ್ರತಿಭಾ? ಸುಮ್ನೆ ನಿಂತ್ಕೋ” ಎನ್ನುತ್ತಿದ್ದೆ. ಆಮೇಲೆ ನಮ್ಮವ್ವ ಕಟ್ಟಿಕೊಟ್ಟ ಶೇಂಗಾ ಉಂಡೆ, ಬಾಳೆಹಣ್ಣು. ನಾನು ಬೋರಲು ಮಲಗಿದರೆ ನೀನು ಲಟ್ಟಣಿಗೆಯಿಂದ ನನ್ನ ಕಾಲಿನ ಗಂಟುಗಳನ್ನು ಬಿಡಿಸುತ್ತಿದ್ದೆ. ಎಲ್ಲಿ ನೋಯುತ್ತದೆಂದು ನಾನು ಹೇಳುವ ಮೊದಲೇ ನಿನ್ನ ಕೈ ಅಲ್ಲಿ ನಿಲ್ಲುತ್ತಿತ್ತು. ಅಂಥ ಕೈ ನನಗೆ ಮತ್ತೆ ಸಿಗಲಿಲ್ಲ.

ಈಗ ಆ ಗುರುವಾರದ ಮಾತು. ಅದನ್ನು ಬರೆಯಲೆಂದೇ ಕೂತಿದ್ದೇನೆ.

ರಾಜ್ಯ ಕ್ರೀಡಾಕೂಟಕ್ಕೆ ಮೂರು ವಾರವಿತ್ತು. ಗುರುವಾರ ಯಾರೂ ಓಡಕೂಡದು, ದಣಿದ ಮೈ ಚೇತರಿಸಿಕೊಳ್ಳುವುದೇ ಆ ದಿನ ಎಂದು ಸರ್ ಕಟ್ಟಪ್ಪಣೆ ಮಾಡಿದ್ದರು. ನಿನ್ನ ಎಡತೊಡೆ ಸೋಮವಾರದಿಂದಲೇ ಬಿಗಿಯಾಗಿತ್ತು. ನನಗೆ ಗೊತ್ತಿತ್ತು. ಆದರೆ ನನ್ನ ಟೈಮ್ ಇಳಿಯುತ್ತಲೇ ಇರಲಿಲ್ಲ. ಬುಧವಾರ ಸಂಜೆ ಫೋನ್ ಮಾಡಿ ಅಂಗಲಾಚಿದೆ: “ನೀ ಮುಂದ ಓಡಿದ್ರಷ್ಟ ನನ್ ಟೈಮ್ ಬರ್ತದ. ಮೂರೇ ಸಲ ಓಡೂಣು.” ನೀನು, “ಸರಿ, ಬೆಳಿಗ್ಗೆ ಆರು ಗಂಟೆಗೆ ಬರ್ತೀನಿ” ಎಂದೆ.

ಮೂರನೆಯ ಓಟದ ತಿರುವಿನಲ್ಲಿ ನೀನು ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದೆ. ನಾನು ನಿನ್ನನ್ನು ದಾಟಿ ಇನ್ನೂ ಹತ್ತು ಹೆಜ್ಜೆ ಓಡಿದೆ, ಕುಲ್ಸುಂ. ನಿಲ್ಲುವ ಮೊದಲು ವಾಚ್ ನೋಡಿಕೊಂಡೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಸರ್ ಬಂದು ಕೇಳಿದಾಗ ನೀನು ನನ್ನ ಕಡೆ ನೋಡದೆ, “ನಾನೇ ಕರ್ದೆ ಸರ್, ಅವಳು ಬೇಡ ಅಂದ್ಲು” ಎಂದೆ. “ನನ್ ಮಾತು ಕೇಳ್ದೋರಿಗೆ ಇಲ್ಲಿ ಜಾಗ ಇಲ್ಲ” ಎಂದು ಅವರು ನಿನ್ನನ್ನು ಕಳಿಸಿಬಿಟ್ಟರು. ನಾನು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ. ಕಟ್ಟಿದ್ದ ಲೇಸನ್ನೇ ಬಿಚ್ಚಿ ಕಟ್ಟುತ್ತಿದ್ದೆ. ಹೇಳಿಕೊಡುವವರಿಲ್ಲದೆ ನೀನು ಒಬ್ಬಳೇ ನೋವು ಮಾಗುವ ಮೊದಲೇ ಓಡಲು ಹೋಗಿ ಅದೇ ಸ್ನಾಯು ಮತ್ತೆ ಹರಿಯಿತೆಂದು ಆಮೇಲೆ ಕೇಳಿದೆ. ಅಷ್ಟರಲ್ಲಿ ನಾನು ಬೆಳ್ಳಿ ಪದಕ ತಂದಿದ್ದೆ. ನಿನ್ನ ಮನೆಗೆ ಬರಲು ಮುಖವಿರಲಿಲ್ಲ. ಮುಖ ಬಂದಾಗ ನೀವು ಮನೆ ಬದಲಾಯಿಸಿದ್ದಿರಿ.

ಈಗ ನಾನು ಇಂದಿರಾನಗರದ ಒಂದು ಕೇಂದ್ರದಲ್ಲಿ ಆಟಗಾರರ ದಣಿದ ಕಾಲುಗಳನ್ನು ನೋಡಿಕೊಳ್ಳುತ್ತೇನೆ. ಐಸ್ ನೀರಿಗೆ ಸ್ಟೀಲಿನ ತೊಟ್ಟಿ, ಕಾಲಿಗೆ ಗಾಳಿ ತುಂಬಿ ಒತ್ತುವ ಯಂತ್ರ, ಎಲ್ಲ ಇದೆ. ಬರುವ ಮಕ್ಕಳಿಗೆ ಮೊದಲು ನಿದ್ದೆಯ ಲೆಕ್ಕ ಕೇಳುತ್ತೇನೆ. ವಿಶ್ರಾಂತಿಯ ದಿನ ಓಡಿದೆನೆಂದು ಯಾರಾದರೂ ಹೇಳಿದರೆ ನನ್ನ ದನಿ ಏರುತ್ತದೆ. ಜೊತೆಯಲ್ಲಿ ಕೆಲಸ ಮಾಡುವ ಶ್ವೇತ, “ಯಾಕೆ ಇಷ್ಟು ಕೋಪ ಮಾಡ್ಕೋತೀರಾ?” ಎನ್ನುತ್ತಾಳೆ. ನಾನು ತೊಟ್ಟಿಗೆ ಐಸ್ ಸುರಿಯಲು ಹೋಗುತ್ತೇನೆ.

ಹೋದ ತಿಂಗಳು ಸಂಜೀವಪ್ಪ ಸರ್ ಮಂಡಿನೋವೆಂದು ನಮ್ಮಲ್ಲಿಗೆ ಬಂದಿದ್ದರು. ಅವರ ಕಾಲು ಒತ್ತುತ್ತಲೇ ಎಲ್ಲ ಹೇಳಿಬಿಟ್ಟೆ. ಅವರು, “ಅವಳನ್ನ ಕಳಿಸ್ದೋನು ನಾನಮ್ಮ. ಒಂದು ಮಾತು ವಿಚಾರಿಸ್ಲಿಲ್ಲ” ಎಂದರು. ನೀನು ಕೆ.ಆರ್. ಪುರದ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿರುವುದನ್ನು ಅವರೇ ಹೇಳಿದ್ದು. “ಮೊದ್ಲು ನೀನು ಹೋಗು. ಅವಳು ಒಪ್ಪಿದ್ರೆ ನಾನೂ ಬರ್ತೀನಿ.”

ಮೊನ್ನೆ ಶನಿವಾರ ನಿನ್ನ ಶಾಲೆಯ ಬಳಿ ಬಂದಿದ್ದೆ. ಗೇಟಿನಾಚೆ ನಿಂತು ನೋಡಿದೆ. ಓಡಿ ಬಂದ ಹುಡುಗಿಯೊಬ್ಬಳನ್ನು ಮಲಗಿಸಿ, ಅವಳ ಕಾಲನ್ನು ನಿನ್ನ ಹೆಗಲ ಮೇಲಿಟ್ಟುಕೊಂಡು ನೀನು ಮೆಲ್ಲಗೆ ಒತ್ತುತ್ತಿದ್ದೆ. ಅವಳೇನೋ ಅಂದಳು, ನೀನು ನಕ್ಕೆ. ನೀನು ನಗುವುದನ್ನು ಮರೆತಿರಬಹುದೆಂದು ಇಷ್ಟು ವರ್ಷ ಹೆದರಿದ್ದೆ. ಸಮಾಧಾನವೂ ಆಯಿತು, ಸಂಕಟವೂ ಆಯಿತು, ಆ ನಗು ನಾನಿಲ್ಲದೆಯೇ ಉಳಿದುಕೊಂಡಿತ್ತಲ್ಲ ಎಂದು. ಒಳಗೆ ಬರಲಾರದೆ ಬಸ್ಸು ಹತ್ತಿದೆ.

ಬರುವ ಶನಿವಾರ ಐದು ಗಂಟೆಗೆ ಮತ್ತೆ ಬರುತ್ತೇನೆ. ಕ್ಷಮಿಸು ಎಂದು ಎದುರು ನಿಂತು ಹೇಳಬೇಕು, ಕಾಗದದಲ್ಲಲ್ಲ. ನನ್ನನ್ನು ನೋಡುವುದು ಬೇಡವೆನಿಸಿದರೆ ಶಾಲೆಯ ಹಿಂದಿನ ಬಾಗಿಲಿನಿಂದ ಹೋಗಿಬಿಡು. ನಾನು ಹುಡುಕಿಕೊಂಡು ಬರುವುದಿಲ್ಲ. ಆರರವರೆಗೆ ನಿಂತಿದ್ದು ಹೊರಡುತ್ತೇನೆ.

ನಿನ್ನ ಹುಡುಗಿಯರ ಕಾಲುಗಳಿಗೆ ಬಲವಿರಲಿ, ಅವರಿಗೆ ಒಳ್ಳೆಯ ಗೆಳತಿಯರು ಸಿಗಲಿ.

ನಿನ್ನ ಹಿಂದೆ ಓಡುತ್ತಿದ್ದವಳು,
ಪ್ರತಿಭಾ