ಗಂಟಿನ ಕೆಳಗೆ ಕೊಯ್ದ ಗುಲಾಬಿ

ನಂದಗುಡಿ ಹೋಬಳಿ
19 ಆಗಸ್ಟ್ 2024, ಸೋಮವಾರ

ಚಿರಂಜೀವಿ ಮುನಿಕೃಷ್ಣನಿಗೆ ನಿನ್ನ ಭಾವನ ಆಶೀರ್ವಾದ.

ಮೊದಲು ಕ್ಷೇಮಸಮಾಚಾರ ಬರೆಯಬೇಕು ಅಂತಾರೆ. ನಾನು ಬರೆಯುವುದಿಲ್ಲ. ಎಲ್ಲ ಕ್ಷೇಮವಾಗಿದ್ದರೆ ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದ ನಾನು ಈ ವಯಸ್ಸಿನಲ್ಲಿ ಪೆನ್ನು ಹಿಡಿಯುತ್ತಿದ್ದೆನಾ? ಯುಗಾದಿಯಿಂದ ನಿನ್ನ ಫೋನಿಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ. ತಪ್ಪು ನನ್ನದೇ. ಈಗಲೂ ಫೋನ್ ಮಾಡಬಹುದಿತ್ತು. ಆದರೆ ಕಣ್ಣು ಹೋದ ಮೇಲೆ ನಿಮ್ಮಕ್ಕನ ಕಿವಿ ಎಷ್ಟು ಚುರುಕಾಗಿದೆ ಎಂದರೆ, ನಾನು ಬೀದಿ ಕೊನೆಯಲ್ಲಿ ನಿಂತು ಮಾತಾಡಿದರೂ ಒಳಗಿನಿಂದ "ಯಾರ್ರೀ ಅದು?" ಎನ್ನುತ್ತಾಳೆ. ಅವಳಿಗೆ ತಿಳಿಯದ ಹಾಗೆ ಹೇಳಲು ಉಳಿದಿರುವುದು ಕಾಗದ ಒಂದೇ. ಅದಕ್ಕೂ ಪೆನ್ನಿನ ಸದ್ದು ಹಿಡಿದು, "ಏನು ಗೀಚ್ತಾ ಇದೀರಾ?" ಎಂದಳು. "ರೇಷ್ಮೆ ಮೊಟ್ಟೆ ತಂದ ತಾರೀಕು ಬರ್ಕೋತಾ ಇದೀನಿ, ಸುಮ್ನಿರು" ಎಂದು ಗದರಿದೆ.

ವಿಷಯ ಇಷ್ಟು. ನೀನು ಕೊಟ್ಟ ಗುಲಾಬಿ ಗಿಡವನ್ನು ನಾನು ಕೊಂದೆ.

ನಿಮ್ಮಮ್ಮ ತೀರಿಕೊಂಡ ವರ್ಷ ನೀನು ಶಿವಗಂಗೆಯಿಂದ ಆ ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಬಸ್ಸು ಹತ್ತಿ ತಂದಿದ್ದೆ. ಅಮ್ಮನ ಹಿತ್ತಲಿನ ಗುಲಾಬಿಯ ಕಡ್ಡಿ ನೆಟ್ಟರೆ ಕೊಳೆಯುತ್ತದೆ ಎಂದು ಅದರ ಕಡ್ಡಿಯ ಚಿಗುರುಮೊಗ್ಗು ತೆಗೆದು ಕಾಡುಗುಲಾಬಿಯ ಬೇರಿಗೆ ಕಸಿ ಕಟ್ಟಿದ್ದೆ. ಹೋಗುವಾಗ ಬುಡದ ಗಂಟು ತೋರಿಸಿ ಹೇಳಿದೆ, "ಭಾವ, ಕತ್ತಿ ಈ ಗಂಟಿನಿಂದ ಕೆಳಗೆ ಇಳೀಬಾರ್ದು. ಮೇಲಿರೋದು ಅಮ್ಮನ ಗಿಡ. ಕೆಳಗಿರೋದು ಬರೀ ಕಾಡು."

ನಾನು ಏನಂದೆ, ನೆನಪಿದೆಯಾ? "ನಲವತ್ತು ವರ್ಷ ಹಿಪ್ಪುನೇರಳೆ ಕಡ್ಡಿ ಕೊಯ್ದೋನಿಗೆ ನೀನು ಬುಡ ತೋರ್ಸೋಕ್ಕೆ ಬಂದ್ಯೇನಯ್ಯ?" ನೀನು ನಕ್ಕು ಚಪ್ಪಲಿ ಮೆಟ್ಟಿಕೊಂಡೆ.

ಜೂನಿನಲ್ಲಿ ಗಿಡ ಸೊಟ್ಟಸೊಟ್ಟವಾಗಿ ಎತ್ತರ ಹೋಗಿತ್ತು. ಬೆಳಿಗ್ಗೆ ಹಾಲು ಕರೆದಾದ ಮೇಲೆ ನಿಮ್ಮಕ್ಕ ಗೋಡೆ ತಡವಿಕೊಂಡು ಹಿತ್ತಲಿಗೆ ಹೋಗಿ ಘಮಕ್ಕೆಂದು ಅದಕ್ಕೆ ಮುಖ ಇಡುತ್ತಾಳಲ್ಲ, ಮುಳ್ಳು ಕೆನ್ನೆಗೆ ತಾಗಿ ಎರಡು ಸಲ ಗೀರಿತು. ನನಗೆ ಸಿಟ್ಟು ಬಂತು. ಕುಡುಗೋಲು ತಗೊಂಡು, ಹಿಪ್ಪುನೇರಳೆಯನ್ನು ಹೇಗೆ ನೆಲಮಟ್ಟಕ್ಕೆ ಸವರುತ್ತೇವೋ ಹಾಗೇ ಸವರಿಬಿಟ್ಟೆ. ಗಂಟು ಕಸದ ಗುಂಡಿಗೆ ಹೋಯಿತು.

ಇಪ್ಪತ್ತೇ ದಿನದಲ್ಲಿ ಚಿಗುರು ನುಗ್ಗಿ ಬಂತು. ನಾನು ಮೀಸೆ ತಿರುವಿಕೊಂಡು, "ನೋಡು, ನಿನ್ನ ತಮ್ಮನಿಗೇನು ಗೊತ್ತು?" ಎಂದೆ. ನೋಡು ಅಂದೆ ಅವಳಿಗೆ. ನನ್ನ ಬಾಯಿ ಅಂಥದ್ದು. ಅವಳು ಎಲೆ ಸವರಿ ಸವರಿ, "ಯಾಕ್ರೀ, ಐದೆಲೆ ಇರೋ ಕಡೆ ಏಳೇಳು ಸಿಗ್ತಾವೆ?" ಎಂದಳು. "ಗೊಬ್ಬರ ಹೆಚ್ಚಾಗಿದೆ" ಎಂದೆ. ಆಮೇಲೆ ಹೂ ಬಿಟ್ಟಿತು. ಬೆರಳ ತುದಿಯಷ್ಟು ಬಿಳಿ ಹೂವು, ಗೊಂಚಲು ಗೊಂಚಲು. ಮೂಗಿಗೆ ಒತ್ತಿಕೊಂಡೆ. ಏನೂ ಇಲ್ಲ. ಅವಳ ಕೈಗೆ ಸಿಗುವ ಮೊದಲು ಎಲ್ಲ ಕಿತ್ತು ಹಸುವಿನ ಮುಂದೆ ಹಾಕಿದೆ.

ಅವಳು ದಿನಾ ಬಂದು ತಡವುವುದು ತಪ್ಪಲಿಲ್ಲ. "ಇನ್ನೂ ಬಿಟ್ಟಿಲ್ವಾ? ನಮ್ಮಮ್ಮ ಸಿಟ್ಟಾಗವ್ಳೆ ಅನ್ಸುತ್ತೆ" ಎನ್ನುತ್ತಿದ್ದಳು. ನನಗೆ ಅದು ಕೇಳಲಾಗಲಿಲ್ಲ ಮುನಿಕೃಷ್ಣ. ಹೊಸಕೋಟೆಯಿಂದ ಒಂದು ದೊಡ್ಡ ಗುಲಾಬಿ ತಂದೆ, ಪಾಲಿಹೌಸಿನದು. ಅವಳು ಏಳುವ ಮೊದಲೇ ಒದ್ದೆ ಬಾಳೆನಾರಿನಿಂದ ಅದನ್ನು ಆ ಕಾಡುಕಡ್ಡಿಗೆ ಬಿಗಿದು ಕಟ್ಟಿದೆ.

ಅವಳ ಬೆರಳಿಗೆ ಹೂ ಸಿಕ್ಕಿದ ತಕ್ಷಣ ಕಿರುಚಿದಳು ನೋಡು, ಮದುವೆಗೆ ಮುಂಚಿನ ಹುಡುಗಿ ಹಾಗೆ. "ಶಾಮಲಾ, ಬಾರೇ, ಬಿಟ್ಟೈತೆ!" ಸೊಸೆ ಶಾಮಲಾ ಓಡಿ ಬಂದು ನಾರು ನೋಡಿದಳು, ನನ್ನ ಮುಖ ನೋಡಿದಳು, ಹಾಗೇ ಒಳಗೆ ಹೋದಳು. ನಿಮ್ಮಕ್ಕ ಬಗ್ಗಿ ಮೂಸಿದಳು. ಮತ್ತೆ ಮೂಸಿದಳು. ಬೆರಳಿನಿಂದ ಹೂವಿನ ಬುಡ ಸವರಿದಳು. ಕೊನೆಗೆ ಮೆಲ್ಲಗೆ, "ರೀ, ನನ್ನ ಮೂಗೂ ಹೋಯ್ತು ಕಣ್ರೀ" ಎಂದಳು.

ಆಗಲಾದರೂ ನಿಜ ಹೇಳಬೇಕಿತ್ತು. ಹೂವಿನದೇ ತಪ್ಪಿರಬಹುದು ಎಂದು ಇನ್ನೆರಡು ಸಲ ಬೇರೆ ಬೇರೆ ಬಣ್ಣದ್ದು ತಂದು ಕಟ್ಟಿದೆ. ಎಂಥ ಹೆಡ್ಡ ನಾನು! ಅಂಗಡಿ ಹೂವಿಗೆ ವಾಸನೆ ಎಲ್ಲಿಂದ ಬರಬೇಕು?

ಈಗ ಎಂಟು ದಿನದಿಂದ ಅವಳು ಹಿತ್ತಲಿಗೆ ಕಾಲಿಟ್ಟಿಲ್ಲ. ಮುದ್ದೆ ಮುರಿದು ತಟ್ಟೆಯಲ್ಲೇ ಬಿಡುತ್ತಾಳೆ. ಶಾಮಲಾ ಪುಸಲಾಯಿಸಿದಳು, "ಒಗ್ಗರಣೆ ಘಮ ಬರ್ತಿದೆ ಅಲ್ವಾ ಅತ್ತೆ?" ಅವಳು, "ಚುರ್ ಅಂದದ್ದು ಕಿವಿಗೆ ಕೇಳ್ತು ಬಿಡಮ್ಮ" ಎಂದಳು. ನನ್ನ ಕಡೆ ತಿರುಗಿ, "ಕಿವಿ ಒಂದು ಉಳ್ಕೊಂತು, ನಿಮ್ಮ ಬೈಗುಳಕ್ಕೆ ಇರ್ಲಿ ಅಂತ" ಎಂದು ನಕ್ಕಳು. ಆ ನಗು ನೋಡಿದ ಮೇಲೆ ನನಗೂ ಅನ್ನ ಇಳಿಯುತ್ತಿಲ್ಲ.

ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಗೋಡೆ ಕಟ್ಟಲು ಅಮ್ಮನ ಗಿಡ ಕೀಳಬೇಕು ಎನ್ನುತ್ತಿದ್ದೆಯಲ್ಲ. ಕಿತ್ತೆಯಾ? ಕಿತ್ತಿಲ್ಲ ಅಂತ ಹೇಳಪ್ಪ. ಇಲ್ಲಿ ಕಾಡುಕಡ್ಡಿ ಪೆನ್ಸಿಲ್ ಗಾತ್ರ ಆಗಿದೆ, ಬೇರು ಗಟ್ಟಿಯಾಗಿದೆ. ಅದೇ ಬೇರಿಗೆ ಮತ್ತೆ ಕಸಿ ಕೂರುತ್ತದೆಯಾ? ಕೂರುವುದಾದರೆ ಒಂದು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದುಬಿಡು. ನಿನ್ನ ಕಾಲು ಹಿಡಿ ಎಂದರೆ ಹಿಡಿಯುತ್ತೇನೆ. ಈ ಸಲ ನೀನು ತೋರಿಸಿದ ಕಡೆ ಬಿಟ್ಟು ಬೇರೆಲ್ಲೂ ನನ್ನ ಕತ್ತಿ ತಾಗುವುದಿಲ್ಲ.

ನಿನ್ನ ಹೆಂಡತಿ ಮಕ್ಕಳ ಹೊಟ್ಟೆ ತಣ್ಣಗಿರಲಿ. ನಿನ್ನ ಕೈ ಮುಟ್ಟಿದ್ದೆಲ್ಲ ಚಿಗುರಲಿ.

ಇಂತಿ ನಿನ್ನ ಭಾವ
ಆದಿನಾರಾಯಣಪ್ಪ

ಮರೆತ ಮಾತು, ಮಂಗಳವಾರ: ಕಾಗದವನ್ನು ಇನ್ನೂ ಡಬ್ಬಕ್ಕೆ ಹಾಕಿಲ್ಲ. ಮರೆತ ಮಾತು ಎನ್ನುವುದೂ ಸುಳ್ಳು, ಒಂದು ದಿನವೂ ಮರೆತಿಲ್ಲ. ಬೆಳಿಗ್ಗೆ ಅವಳ ಹಾಸಿಗೆ ಸುತ್ತುವಾಗ ದಿಂಬಿನ ಕೆಳಗೆ ಬಾಳೆನಾರು ಸಿಕ್ಕಿತು. ಮೂರು ತುಂಡು. ನನ್ನ ಗಂಟು ನನಗೆ ಗುರುತು ಸಿಗುವುದಿಲ್ಲವಾ? ಮೊದಲನೇ ದಿನವೇ ಅವಳ ಬೆರಳಿಗೆ ಸಿಕ್ಕಿದೆ. ಮೂಗು ಹೋಗಿಲ್ಲ ಕಣಯ್ಯ. ನನ್ನ ಮಾನ ಉಳಿಸಲು ಮೂಗು ಹೋಯಿತು ಎಂದಳು.

ಯುಗಾದಿಗೆ ಮುಂಚೆ ಕಣ್ಣಿನ ವಿಷಯದಲ್ಲೂ ಹೀಗೇ ಆಗಿದ್ದು. "ಎರಡು ವಾರ ನಾನೇ ಯಾರ್ಗೂ ಹೇಳ್ದೆ ಮುಚ್ಚಿಟ್ಟೆ" ಎಂದು ಆಸ್ಪತ್ರೆಯಲ್ಲಿ ನಿನ್ನ ಮುಂದೆ ಅಂದಳಲ್ಲ, ಅದು ಸುಳ್ಳು. ಕಣ್ಣ ಮುಂದೆ ಕರಿ ಕೂದಲು ಹಾರಾಡುತ್ತಿದೆ ಎಂದು ಮೊದಲನೇ ದಿನವೇ ನನಗೆ ಹೇಳಿದ್ದಳು. ರೇಷ್ಮೆಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಜ್ವರದಿಂದ ಎದ್ದು ಹಗಲೂ ಇರುಳೂ ಸೊಪ್ಪು ಮೇಯುತ್ತಿತ್ತು. ಸೊಪ್ಪು ಹಾಕುವ ಕೈ ಬೇಕಿತ್ತು. "ಗೂಡು ಬಿಡ್ಸಿ ಆಗ್ಲಿ, ಆಮೇಲೆ ಹೋಗೋಣ" ಎಂದೆ. ಅವಳು ಕಣ್ಣು ಒರೆಸಿಕೊಂಡು ತಡವಿ ತಡವಿ ಸೊಪ್ಪು ಹಾಕಿದಳು. ಹದಿನೈದು ದಿನ ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅವಳು ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು.

ಇವತ್ತಿನವರೆಗೆ ಒಂದು ಮಾತು ಬೈದಿಲ್ಲ. ನೀನು ಅವಳ ತಮ್ಮ, ನಿನಗೆ ಹಕ್ಕಿದೆ. ಅಮ್ಮನ ಗಿಡ ಹೋಗಿದ್ದರೂ ಸರಿ, ಬರಿಗೈಯಲ್ಲಾದರೂ ಬಾ. ಅವಳಿಗೆ ಕೇಳುವ ಹಾಗೆ, ನಡುಮನೆಯಲ್ಲಿ ನಿಲ್ಲಿಸಿ ನನ್ನನ್ನು ಬೈ.