ಮೊರಿತಾ ಅವರು ಯಾಕೆ ಏಳಲಿಲ್ಲ

ಕಳಸ
27 ನವೆಂಬರ್ 2025, ಗುರುವಾರ

ಪಕ್ಕದ ಕೋಣೆಯಲ್ಲೇ ಇರುವ ನನ್ನ ಅಜ್ಜನಿಗೆ,

ನಮಸ್ಕಾರ. ಒಂದೇ ಸೂರಿನ ಕೆಳಗಿದ್ದುಕೊಂಡು ಕಾಗದ ಬರೆಯುವವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಭಾನುವಾರದಿಂದ ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಊಟಕ್ಕೆ ಎದುರಿಗೇ ಕೂತಿದ್ದರೂ ಅಮ್ಮನ ಕಡೆ ತಿರುಗಿ "ಅವ್ಳಿಗೆ ಪಲ್ಯ ಬೇಕಾ ಕೇಳು" ಅನ್ನುತ್ತೀರಿ. ಪಲ್ಯ ಬೇಕಿತ್ತು, ಸಿಟ್ಟಿಗೆ ಬೇಡ ಅಂದೆ. ಈ ಕಾಗದವನ್ನು ನಿಮ್ಮ ಕನ್ನಡಕದ ಡಬ್ಬಿಯಲ್ಲಿ ಇಡುತ್ತೇನೆ. ಬೆಳಿಗ್ಗೆ ಪೇಪರ್ ಓದುವ ಮೊದಲು ಸಿಗಲಿ.

ಕ್ಷಮೆ ಕೇಳುವುದಕ್ಕೆ ಬರೆಯುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್ ಏಳಕ್ಕೆ ಬೆಂಗಳೂರಿನಲ್ಲಿ ನನ್ನ ಜಪಾನಿ ಪರೀಕ್ಷೆ. ಕೊಯ್ಲಿನ ಸಮಯದಲ್ಲಿ ಅಪ್ಪ ತೋಟ ಬಿಟ್ಟು ಬರುವಂತಿಲ್ಲ. ನಾನು ಕರ್ಕೊಂಡು ಹೋಗ್ತೀನಿ ಎಂದು ಆಗಸ್ಟಿನಲ್ಲಿ ಒಪ್ಪಿಕೊಂಡವರು ನೀವು. ಈಗಲೂ ಬರುತ್ತೀರಾ ಇಲ್ಲವಾ, ಅದು ನನಗೆ ಗೊತ್ತಾಗಬೇಕು. ಪರೀಕ್ಷೆಯಲ್ಲಿ ಪಾಸಾಗುವುದು ನನ್ನ ಜವಾಬ್ದಾರಿ. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಎರಡು ವರ್ಷದಿಂದ ಕಲಿಯುತ್ತಿದ್ದೇನೆ ಅಜ್ಜ. ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರದ ಬಂಡೆಯ ಮೇಲೆ ಮಾತ್ರ ಎಂದು ಶಾಲೆಯಿಂದ ಬಂದವಳೇ ಅಲ್ಲಿಗೆ ಓಡುತ್ತಿದ್ದೆ. ಜಿಗಣೆ ಹತ್ತಿದ್ದು ಪಾಠ ಮುಗಿದ ಮೇಲೆ ಗೊತ್ತಾಗುತ್ತಿತ್ತು. ಹತ್ತನೇ ಕ್ಲಾಸಿನವಳಿಗೆ ಇದೆಲ್ಲ ಯಾಕೆ ಎಂದು ಎಲ್ಲರೂ ಕೇಳಿದರು. ಶಾಲೆಯಲ್ಲಿ ದಿವ್ಯಾ ಮಿಸ್ಸು, ಮನೆಯಲ್ಲಿ ನೀವು, ಇಬ್ಬರೇ ಕೇಳಲಿಲ್ಲ. ಬರೆದು ಕಲಿಯಲು ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಎತ್ತಿಟ್ಟು ಕೊಟ್ಟಿರಿ. ಹೋದ ವರ್ಷ ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ನಾನು ಮರದ ಹಲಗೆಯಿಂದ ಬೆಟ್ಟ ಅನ್ನುವ ಅಕ್ಷರ ಎಳೆದಿದ್ದೆ. ಮೇಲಕ್ಕೆ ಮೂರು ಗೆರೆ, ನಡುವಿನದು ಉದ್ದ, ಬುಡದಲ್ಲಿ ಒಂದು ಅಡ್ಡಗೆರೆ. ಮೇಸ್ತ್ರಿ ಲಕ್ಕಯ್ಯ ಬೈಯಲು ಬಂದಾಗ ನೀವು "ಬಿಡೋ ಮಾರಾಯ, ಕುದುರೆಮುಖನೇ ಬರ್ದಿದಾಳೆ" ಅಂದಿರಿ. ಅವತ್ತು ನನಗೆ ಪರೀಕ್ಷೆ ಪಾಸಾದಷ್ಟೇ ಖುಷಿಯಾಗಿತ್ತು.

ಇನ್ನು ಭಾನುವಾರದ ವಿಷಯ. ಜಪಾನಿನಲ್ಲಿ ಸಣ್ಣ ಕಾಫಿ ಅಂಗಡಿ ಇಟ್ಟಿರುವ, ಈ ಕಡೆಯ ತೋಟಗಳನ್ನು ನೋಡಲು ಬಂದಿದ್ದ ಮೊರಿತಾ ಅವರನ್ನು ಬಾಡಿಗೆ ಜೀಪಿನ ರಜಬ್ ಅಲಿ ಮಾಮ ನಮ್ಮ ಮನೆಗೆ ಕರೆತಂದು, "ಜಯದೇವಪ್ಪನವ್ರೇ, ನಿಮ್ಮ ಮೊಮ್ಮಗಳು ಇವ್ರ ಭಾಷೆ ಮಾತಾಡ್ತಾಳಲ್ಲ" ಎಂದು ಜಗಲಿಯಲ್ಲಿ ಕೂರಿಸಿ ಜೀಪಿಗೆ ನೀರು ಹಾಕಲು ಹೋದರು. ಅಮ್ಮ ಕಾಫಿ ಕೊಟ್ಟಳು. ಮೊರಿತಾ ಒಂದು ಗುಟುಕು ಕುಡಿದು, ಲೋಟವನ್ನೂ ಎದುರಿನ ಗಿಡಗಳನ್ನೂ ತೋರಿಸಿ, ಇದು ಈ ಗಿಡದ್ದೇ ಕಾಫಿಯಾ ಎಂದು ಕೇಳಿದರು. ನಿಮಗೆ ಭಾಷೆ ಬರದಿದ್ದರೂ ಪ್ರಶ್ನೆ ಅರ್ಥವಾಯಿತು. "ಹೂಂ ಅನ್ನು ಮಾರಾಯ್ತಿ" ಅಂದಿರಿ.

ನಾನು ಅನ್ನಲಿಲ್ಲ. ಇದು ಪೇಟೆ ಅಂಗಡಿಯ ಪುಡಿ, ಚಿಕೋರಿ ಬೆರೆಸಿದ್ದು, ನಮ್ಮ ಬೀಜವೆಲ್ಲ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೋಗುತ್ತದೆ, ಅಜ್ಜಿ ಹೋದ ಮೇಲೆ ಆರು ವರ್ಷದಿಂದ ನಮ್ಮ ಕಾಫಿಯ ರುಚಿಯನ್ನು ನಾವೇ ನೋಡಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಕಡೆಯ ಎಷ್ಟೋ ಬೆಳೆಗಾರರ ಮನೆಯಲ್ಲಿ ಹೀಗೇ, ನಮಗೆ ಅದು ವಿಚಿತ್ರ ಅನ್ನಿಸುವುದೂ ಇಲ್ಲ. ಆದರೆ ಮೊದಲ ಸಲ ಜಪಾನಿನ ಮನುಷ್ಯರೊಬ್ಬರ ಜೊತೆ ಮಾತಾಡುವಾಗ, ಕಷ್ಟಪಟ್ಟು ಕಲಿತ ಭಾಷೆಯಲ್ಲಿ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

ಅವರ ಮುಖ ನೋಡಿಯೇ ನಾನು ಏನು ಹೇಳಿದೆನೆಂದು ನಿಮಗೆ ತಿಳಿಯಿತು. "ಮನೆ ಮರ್ಯಾದೆ ತೆಗ್ದಿದ್ದು ಸಾಕು, ಹೊರಡಕ್ಕೆ ಹೇಳು ಅವ್ರಿಗೆ" ಅಂದಿರಿ. ನಾನು ಜಪಾನಿಯಲ್ಲಿ ಹೇಳಿದೆ. ಅವರು ಎರಡು ಸಲ ತಲೆ ಬಾಗಿಸಿದರು. ಏಳಲಿಲ್ಲ. ಚೀಲ ಕೆಳಗಿಟ್ಟು ಇನ್ನೂ ಸರಿಯಾಗಿ ಕೂತರು. ನೀವು ಹತ್ತು ನಿಮಿಷ ಕಾದು ನೋಡಿದಿರಿ. ಕೂತ ಅತಿಥಿಯನ್ನು ಎಬ್ಬಿಸಿ ಕಳಿಸಿ ನಿಮಗೆ ಅಭ್ಯಾಸವಿಲ್ಲವಲ್ಲ! "ಎಂಥ ಜನನಪ್ಪ" ಎಂದು ಗೊಣಗುತ್ತ ಎದ್ದು, ಸಿಪ್ಪೆ ಸಮೇತ ಒಣಗಿದ ಪಾರ್ಚ್‌ಮೆಂಟ್ ಬೀಜ ತರಲು ಲಕ್ಕಯ್ಯನನ್ನು ಕೂಗಿದಿರಿ. ಅವನು ಒರಳಿನಲ್ಲಿ ಕುಟ್ಟಿ ಸಿಪ್ಪೆ ಹಾರಿಸಿದ. ಅಜ್ಜಿಯ ಕಬ್ಬಿಣದ ಬಾಣಲೆ ಅಟ್ಟದಿಂದ ಇಳಿಯಿತು. ಹುರಿದವರು ನೀವೇ, ಅಮ್ಮನನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಮೊರಿತಾ ಒಂದು ಲೋಟ ಕುಡಿದು, ಸ್ಯಾಂಪಲ್ ಕೇಳಿ ಪಡೆದು ಹೋದರು. ಹಾಲಿಲ್ಲದೆ ಕಾಫಿ ಮುಟ್ಟದ ನೀವು ಎರಡು ಲೋಟ ಕುಡಿದಿರಿ. ಸೋಮವಾರ ಬೆಳಿಗ್ಗೆ "ನಿನ್ನೆದು ಉಳ್ದಿದ್ಯಾ" ಎಂದು ಅಮ್ಮನನ್ನು ಕೇಳಿದ್ದು ನನಗೆ ಕೇಳಿಸಿದೆ.

ನೀವು ಮಾತಾಡದ ಈ ನಾಲ್ಕು ದಿನ ನನಗೆ ತುಂಬ ಬೇಜಾರಾಗಿದೆ ಅಜ್ಜ. ಓದಿದ್ದು ತಲೆಗೆ ಹತ್ತುತ್ತಿಲ್ಲ. ನಾಳೆಯೂ ಮಾತಾಡಲು ಮನಸ್ಸಾಗದಿದ್ದರೆ ಬೇಡ. ಕಣದಲ್ಲಿ ಕಾಫಿ ಎಳೆಯುವಾಗ ಆ ಬೆಟ್ಟದ ಅಕ್ಷರ ಒಂದನ್ನು ಬರೆದುಬಿಡಿ. ಶಾಲೆಗೆ ಹೋಗುವಾಗ ನೋಡಿಕೊಂಡು, ಆರನೇ ತಾರೀಕು ಶನಿವಾರದ ಬೆಳಗಿನ ಬಸ್ಸಿಗೆ ಎರಡು ಸೀಟು ಹಿಡಿಯಲು ಅಪ್ಪನಿಗೆ ಹೇಳುತ್ತೇನೆ.

ಪಲ್ಯ ಬೇಕಾಗಿದ್ದ ನಿಮ್ಮ ಮೊಮ್ಮಗಳು,
ಭವ್ಯಾ

ಮರೆತಿದ್ದು: ಮರೆತಿದ್ದಲ್ಲ, ಬೇಕೆಂದೇ ಬಿಟ್ಟಿದ್ದು. ನೀವು "ಹೊರಡಕ್ಕೆ ಹೇಳು" ಅಂದಾಗ ನಾನು ಮೊರಿತಾ ಅವರಿಗೆ ಹೇಳಿದ್ದು, "ನಮ್ಮ ಅಜ್ಜ ಈಗ ತಾವೇ ತೋಟದ ಕಾಫಿ ಹುರಿದು ಕೊಡುತ್ತಾರಂತೆ, ದಯವಿಟ್ಟು ಸ್ವಲ್ಪ ಕಾಯಬೇಕಂತೆ" ಎಂದು. ಅದಕ್ಕೇ ಅವರು ಏಳಲಿಲ್ಲ. ಅಂದರೆ ಜಪಾನಿಯಲ್ಲಿ ಅವತ್ತು ಒಂದು ನಿಜ, ಒಂದು ಸುಳ್ಳು ಹೇಳಿದ್ದೇನೆ. ನಿಜಕ್ಕೆ ನಾಲ್ಕು ದಿನ ಮಾತು ಬಿಟ್ಟಿರಿ. ಸುಳ್ಳಿನ ಲೆಕ್ಕದ ಬೈಗುಳವನ್ನು ಬಸ್ಸಿಗೆ ಇಟ್ಟುಕೊಳ್ಳಿ, ಬೆಂಗಳೂರು ಮುಟ್ಟಲು ಎಂಟು ಗಂಟೆ ಬೇಕು.